ಹಿಂಬದಿ ಗಾಜಿನ ಕುಟುಂಬ ಪುರಾಣ

ದಾವಣಗೆರೆಯಿಂದ ಹರಿಹರಕ್ಕೆ ಹಳೇ ಪಿ.ಬಿ. ರಸ್ತೆಯಲ್ಲಿ ಹೋಗುವವರಿಗೆ ಓದೋಕೆ ಪುಸ್ತಕ ಬೇಕಿಲ್ಲ, ಮುಂದಿನ ಕಾರಿನ ಹಿಂಬದಿ ಗಾಜು ಸಾಕು. ನಾನಂತೂ ಅದನ್ನೊಂದು ಸಾಹಿತ್ಯ ಪ್ರಕಾರ ಅಂತಲೇ ಓದುತ್ತೇನೆ. ಪ್ರಕಾರ ಅಂದ ಮೇಲೆ ವಿಮರ್ಶೆಯೂ ಬೇಕಲ್ಲ?

ಲಾರಿಗಳ ಕಾಲದಲ್ಲಿ ಈ ಸಾಹಿತ್ಯ ಚುಟುಕಾಗಿತ್ತು. 'ತಂದೆ ತಾಯಿ ಆಶೀರ್ವಾದ', ಅಷ್ಟೇ. ಯಾರ ತಂದೆ, ಯಾವೂರ ತಾಯಿ ಅನ್ನೋದು ಓದುಗನಿಗೆ ಬಿಟ್ಟಿದ್ದು. ಈಗಿನದು ಹಾಗಲ್ಲ, ಸವಿವರ ಕಾದಂಬರಿ. ಗಾಜಿನ ಮೇಲೆ ಬಳುಕುವ ಅಕ್ಷರದಲ್ಲಿ ಇಬ್ಬರು ಮಕ್ಕಳ ಹೆಸರು. ಪಕ್ಕದಲ್ಲಿ ಅಪ್ಪ, ಅಮ್ಮ, ಜಡೆಯ ಹುಡುಗಿ, ಪುಟ್ಟ ಹುಡುಗ, ನಾಯಿಮರಿಯ ಗೆರೆಚಿತ್ರ. ಮುಂದಿನ ಗಾಜಿಗೆ ಹೋದರೆ ಶಾಲೆಯ ಪಾರ್ಕಿಂಗ್ ಪಾಸು, ಅಪ್ಪನ ವೃತ್ತಿಯ ಚಿಹ್ನೆ. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ನಿರುಪದ್ರವಿ. ಜೋಡಿಸಿ ಓದಿ: ಈ ಹೆಸರಿನ ಮಗು, ಈ ಶಾಲೆ, ಅಪ್ಪ ಡಾಕ್ಟರು, ಕಾರಿನ ನಂಬರ್ ಇದು.

ಇದರ ದೊಡ್ಡಣ್ಣ ಫ್ಲೆಕ್ಸು. ಮೊದಲ ವರ್ಷದ ಹುಟ್ಟುಹಬ್ಬ ಅಂದರೆ ಮಗುವಿನ ಫೋಟೊ, ಪೂರ್ತಿ ಹೆಸರು, ತಾರೀಖು. ಕೆಳಗೆ 'ಶುಭ ಕೋರುವವರು' ಅಂತ ಅಜ್ಜ, ಅಜ್ಜಿ, ಸೋದರಮಾವನವರೆಗೆ ಇಡೀ ವಂಶವೃಕ್ಷ. ಪ್ರೀತಿಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಒಂದು ಲೆಕ್ಕ ಹೇಳ್ತೀನಿ. ನಾವು ಡೌನ್‌ಲೋಡ್ ಮಾಡುವ ಇ-ಆಧಾರ್ ಕಡತದ ಪಾಸ್‌ವರ್ಡ್ ಏನು? ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರ, ಹುಟ್ಟಿದ ವರ್ಷದ 4 ಅಂಕಿ. ಕಡತ ಯಾರ ಕೈಗಾದರೂ ಸಿಕ್ಕಿದರೆ, ಅದರ ಬೀಗದ ಕೈ ಸರ್ಕಲ್‌ನಲ್ಲಿ ಹತ್ತಡಿ ಎತ್ತರಕ್ಕೆ ನೇತಾಡ್ತಿದೆ.

'ಅಯ್ಯೋ, ನಮ್ಮೂರಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು ಬಿಡ್ರಿ' ಅನ್ನುವವರಿದ್ದಾರೆ. ಮಾತಿನಲ್ಲಿ ಸತ್ಯವೂ ಇದೆ. 'ಯಾರ ಮನೆಯವರು?' ಅಂತ ಕೇಳಿಯೇ ಮಾತು ಶುರುಮಾಡುವ ಊರು ನಮ್ಮದು. ಆದರೆ ಅಲ್ಲಿ ಕೇಳಿದವನಿಗೂ ಮುಖವಿತ್ತು, ಅವನನ್ನೂ ನಾವು ತಿರುಗಿ ಕೇಳಬಹುದಿತ್ತು. ಗಾಜು ಮತ್ತು ಫ್ಲೆಕ್ಸು ಓದುವವನನ್ನು ಯಾರೂ ಏನೂ ಕೇಳುವುದಿಲ್ಲ. ಅವನ ಕೈಯಲ್ಲಿ ಕ್ಯಾಮೆರಾ ಬೇರೆ ಇದೆ.

ಇನ್ನೊಂದು ಸಮರ್ಥನೆ ಗಟ್ಟಿಯಾದದ್ದು: ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದಲ್ಲಿ ಆರೋಪಿಗಳು ಬಹುಪಾಲು ಪರಿಚಿತರೇ; ಎನ್‌ಸಿಆರ್‌ಬಿ ಅಂಕಿಅಂಶಗಳೂ ಅದನ್ನೇ ಹೇಳುತ್ತವೆ. ಹಾಗಾದರೆ ಅಪರಿಚಿತನಿಗೆ ಯಾಕೆ ಹೆದರಬೇಕು? ನನ್ನ ಉತ್ತರ ಇಷ್ಟೆ: ಮಗು ಪರಿಚಿತರನ್ನು ಗುರುತಿಸುವುದೇ ಹೆಸರಿನಿಂದ. ಹೆಸರು ಹಿಡಿದು ಕರೆದು, ಮಾವನ ಹೆಸರೂ ಹೇಳಿ, ನಾಯಿಮರಿಯ ಸುದ್ದಿ ತೆಗೆದವನು ಅದಕ್ಕೆ 'ಗೊತ್ತಿರೋ ಅಂಕಲ್'. ಅಪರಿಚಿತ ಪರಿಚಿತನ ವೇಷ ಹಾಕೋಕೆ ಬೇಕಾದ ಬಣ್ಣ, ಮೀಸೆ, ಕಿರೀಟವನ್ನೆಲ್ಲ ನಾವೇ ಹೊರಗೆ ಹರಡಿಟ್ಟಿದ್ದೇವೆ. 'ನಿಮ್ಮ ಮಗ ಪೊಲೀಸರ ಕೈಲಿದ್ದಾನೆ, ದುಡ್ಡು ಹಾಕಿ' ಅನ್ನುವ ವಂಚಕರ ಫೋನೂ ಇದೇ ಬಂಡವಾಳದ್ದು. ಮಗನ ಹೆಸರು ಸರಿಯಾಗಿದ್ದರೆ ಗಾಬರಿಯಾದ ಅಮ್ಮ ಉಳಿದದ್ದನ್ನು ತಾನೇ ನಂಬುತ್ತಾಳೆ.

ತಮಾಷೆ ಅಂದ್ರೆ, ಅದೇ ಕಾರಿನ ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿರುತ್ತೆ. ಹೊಸ ಮನೆಯ ಮುಂದೆ ಬೂದುಗುಂಬಳ ತೂಗುತ್ತೆ, ಅದರ ಕೆಳಗೇ ಮನೆಮಂದಿಯ ಹೆಸರು, ಡಿಗ್ರಿ, ಹುದ್ದೆ ಕೆತ್ತಿದ ಗ್ರಾನೈಟ್ ಫಲಕ. ಕೂಸಿನ ಕೆನ್ನೆಗೆ ಕಪ್ಪು ಬೊಟ್ಟಿಟ್ಟ ಅಜ್ಜಿಗೆ ಖಾಸಗಿತನ ಅನ್ನೋ ಪದ ಗೊತ್ತಿರಲಿಲ್ಲ. ಆದರೆ ನೋಡುವ ಕಣ್ಣೆಲ್ಲ ಒಳ್ಳೆಯದಲ್ಲ ಅಂತ ಗೊತ್ತಿತ್ತು. ನಾವು ಬೊಟ್ಟು ಉಳಿಸಿಕೊಂಡು ಅದರ ಅರ್ಥ ಬಿಟ್ಟಿದ್ದೇವೆ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 24 ಆಗಸ್ಟ್ 2017ರಂದು ಒಮ್ಮತದಿಂದ ಹೇಳಿದ್ದು ಕೆ.ಎಸ್. ಪುಟ್ಟಸ್ವಾಮಿ ಪ್ರಕರಣದಲ್ಲಿ. ಅವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆಧಾರ್ ವಿರುದ್ಧ ಅರ್ಜಿ ಹಾಕಿದಾಗ ಎಂಬತ್ತು ದಾಟಿದ್ದರು. ಸರ್ಕಾರ ನಮ್ಮ ವಿವರ ಕೇಳಿದರೆ ಪ್ರಶ್ನಿಸುವ ಹಕ್ಕನ್ನು ಆ ಹಿರಿಯರು ಗೆದ್ದುಕೊಟ್ಟರು. ಯಾರೂ ಕೇಳದೆಯೇ ಗಾಜಿಗೆ ಅಂಟಿಸುವ ನಮ್ಮನ್ನು ಯಾವ ಕೋರ್ಟೂ ಕಾಯಲಾರದು.

ಹೆಸರು ಅಪ್ಪ ಅಮ್ಮ ಇಟ್ಟದ್ದಿರಬಹುದು, ಆದರೆ ಅದು ಮಗುವಿನ ಆಸ್ತಿ. ಯಾರಿಗೆ ಹೇಳಬೇಕು ಅಂತ ಅದು ದೊಡ್ಡದಾಗಿ ತಾನೇ ತೀರ್ಮಾನಿಸಲಿ. ಅಲ್ಲಿಯವರೆಗೆ ಹಿಂಬದಿ ಗಾಜು ಹಿಂದೆ ಬರುವ ಗಾಡಿ ನೋಡೋಕಷ್ಟೇ ಇರಲಿ.