ಮೊದಲು ಮೂಳೆ, ಆಮೇಲೆ ಒಡವೆ

ಬ್ರಿಟನ್ನಿನ ಮಾದರಿ ರೈಲಿನ ಹವ್ಯಾಸಿಗಳು ಹಲವು ದಶಕಗಳಿಂದ 2.33 ಮಿಲಿಮೀಟರಿಗಾಗಿ ಜಗಳವಾಡುತ್ತ ಬಂದಿದ್ದಾರೆ. ಅವರ ದೇಶದ ನಿಜವಾದ ಹಳಿಗಳ ನಡುವಿನ ಅಂತರ 4 ಅಡಿ 8½ ಅಂಗುಲ. ಅಡಿಗೆ 4 ಮಿ.ಮೀ.ನಂತೆ ಇಳಿಸಿದರೆ ಅದು 18.83 ಮಿ.ಮೀ. ಆಗಬೇಕು, ಅಂಗಡಿಯಲ್ಲಿ ಸಿಗುವ ಹಳಿ ಮಾತ್ರ 16.5 ಮಿ.ಮೀ. ಇದರ ಹಿಂದಿರುವುದು ವ್ಯಾಪಾರದ ಕಾರಣ. ಯುರೋಪಿನಲ್ಲಿ ಅಡಿಗೆ 3.5 ಮಿ.ಮೀ.ನ ಎಚ್‌ಒ ಅಳತೆ ರೂಢಿಗೆ ಬಂತು. ಬ್ರಿಟನ್ನಿನ ಸುರಂಗ, ಸೇತುವೆಗಳು ಇಕ್ಕಟ್ಟಾದ್ದರಿಂದ ಅಲ್ಲಿನ ಎಂಜಿನ್ನುಗಳು ಮೊದಲೇ ಸಣಕಲು. ಅವನ್ನು ಎಚ್‌ಒ ಅಳತೆಗೆ ಇಳಿಸಿದರೆ ಆ ಕಾಲದ ಮೋಟಾರು ಒಳಗೆ ಹಿಡಿಯುತ್ತಿರಲಿಲ್ಲ. ತಯಾರಕರು ಬಾಡಿಯನ್ನು 4 ಮಿ.ಮೀ. ಲೆಕ್ಕಕ್ಕೆ ಹಿಗ್ಗಿಸಿದರು, ಹಳಿಯನ್ನು ಇದ್ದಂತೆಯೇ ಬಿಟ್ಟರು. ಹೀಗೆ ಹುಟ್ಟಿದ ಡಬಲ್-ಓ ಅಳತೆಯಲ್ಲಿ ಎಲ್ಲ ಎಂಜಿನ್ನುಗಳೂ ಲೆಕ್ಕಕ್ಕೆ 4 ಅಡಿ 1½ ಅಂಗುಲದ ಹಳಿಯ ಮೇಲೆ ಓಡುತ್ತವೆ.

ಈ ತಪ್ಪನ್ನು ತಿದ್ದಲು 18 ಮಿ.ಮೀ.ನ ಇಎಂ ಬಂತು, ಮುಂದೆ ಅದು 18.2 ಆಯಿತು. 1960ರ ದಶಕದಲ್ಲಿ ಪ್ರೊಟೊಫೋರ್ ಎಂಬ ಪಂಗಡ 18.83ನ್ನೇ ಹಿಡಿದು, ಗಾಲಿಯ ಅಂಚಿನ ದಪ್ಪದವರೆಗೆ ಎಲ್ಲವನ್ನೂ ನಿಜದಿಂದಲೇ ಇಳಿಸಬೇಕೆಂದು ಹಟ ಹಿಡಿಯಿತು. ಆ ಹಟಕ್ಕೆ ನನ್ನ ಗೌರವವಿದೆ. ಆದರೆ ಹಳಿಯ ಅಗಲ ಕಣ್ಣಿಗೆ ಬೀಳುವುದು ಎಂಜಿನ್ ಎದುರಿನಿಂದ ಬರುವಾಗ. ಮಾದರಿ ರೈಲನ್ನು ನಾವು ನೋಡುವುದು ಬಹುಪಾಲು ಪಕ್ಕದಿಂದ. ಪಕ್ಕದಿಂದ ಕಾಣುವುದು ಬಾಯ್ಲರ್ ಎಷ್ಟು ಎತ್ತರದಲ್ಲಿ ಕೂತಿದೆ, ಗಾಲಿಗಳ ನಡುವೆ ಎಷ್ಟು ಅಂತರವಿದೆ, ಬಾಯ್ಲರಿನ ಹೊಟ್ಟೆಯ ಕೆಳಗೆ ಬೆಳಕು ತೂರಿ ಬರುತ್ತದೆಯೇ ಎನ್ನುವುದು. ಇವುಗಳನ್ನು ತಿದ್ದುವ ಕಸುಬು, ಅಂದರೆ ಅಂಗಡಿಯ ಆಟಿಕೆ ಎಂಜಿನ್ನನ್ನು ಕೊಯ್ದು, ಜೋಡಿಸಿ, ಬೇರೆಯದೇ ಎಂಜಿನ್ ಮಾಡುವ ಕೆಲಸ, ಈ ಪರಂಪರೆಯ ನಿಜವಾದ ಸಾಧನೆ. ಹಳಿಯ ಜಗಳದ ಗದ್ದಲದಲ್ಲಿ ಅದಕ್ಕೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ.

ಈ ಕಸುಬು ಬಡತನದಲ್ಲಿ ಹುಟ್ಟಿದ್ದು. 1938ರಲ್ಲಿ ಹಾರ್ನ್‌ಬಿ ಡಬ್ಲೊ ಬಂದಾಗ ಅದರ ಎರಕದ ಎಂಜಿನ್ನುಗಳು ಗಟ್ಟಿಮುಟ್ಟಾಗಿದ್ದವು, ಆದರೆ ಬಗೆ ಬೆರಳೆಣಿಕೆಯಷ್ಟು. ಯುದ್ಧದ ನಂತರ ಟ್ರೈ-ಆಂಗ್ ಕಂಪನಿ ಅಗ್ಗದ ಪ್ಲಾಸ್ಟಿಕ್ ಎಂಜಿನ್ನುಗಳನ್ನು ತಂದಿತು. ಅದರ ‘ಜಿಂಟಿ’ ಎಂಬ ಪುಟ್ಟ ಆರು ಗಾಲಿಯ ಟ್ಯಾಂಕ್ ಎಂಜಿನ್ನಿನ ಷಾಸಿ ಎಷ್ಟು ಹೇರಳವಾಗಿತ್ತೆಂದರೆ, ವಿಲ್ಸ್ ಎಂಬ ತಯಾರಕರು ಟ್ರೈ-ಆಂಗ್ ಷಾಸಿಯ ಮೇಲೆ ಕೂರುವಂತೆಯೇ ಬಿಳಿಲೋಹದ ಬಾಡಿ ಕಿಟ್‌ಗಳನ್ನು ಮಾಡಿ ಮಾರಿದರು. ತವರ, ಸೀಸ ಬೆರೆಸಿ ಎರಕ ಹೊಯ್ದ ಈ ಬಾಡಿಯ ತೂಕವೇ ಎಂಜಿನ್ನಿಗೆ ಎಳೆಯುವ ಶಕ್ತಿ ಕೊಡುತ್ತಿತ್ತು. ಬೆಸೆಯುವುದು ಮಾತ್ರ ಎದೆ ನಡುಗಿಸುವ ಕೆಲಸ. ಮಾಮೂಲಿ ಬೆಸುಗೆ ಕಡ್ಡಿಯ ಬಿಸಿ ತಾಗಿದರೆ ಚಿಮಣಿಯೇ ಕರಗಿ ತೊಟ್ಟಿಕ್ಕುತ್ತದೆ. ಅದಕ್ಕಾಗಿ 70 ಡಿಗ್ರಿಗೆ ಕರಗುವ ಬೇರೆ ಬೆಸುಗೆಯನ್ನೇ ಬಳಸಬೇಕು.

1959ರ ಹೊತ್ತಿಗೆ ಕಿಟ್‌ಮಾಸ್ಟರ್ ಎಂಬ ಹೆಸರಿನಲ್ಲಿ ಮೋಟಾರಿಲ್ಲದ ಪ್ಲಾಸ್ಟಿಕ್ ಎಂಜಿನ್ ಕಿಟ್‌ಗಳು ಬಂದವು. ಮುಂದೆ ಅವುಗಳ ಅಚ್ಚುಗಳು ಏರ್‌ಫಿಕ್ಸ್ ಪಾಲಾದವು. ಕಪಾಟಿನ ಅಲಂಕಾರಕ್ಕೆಂದು ಮಾಡಿದ ಅವುಗಳೊಳಗೆ ಮೋಟಾರು ತುರುಕಿ ಓಡಿಸಿದವರು ಈ ಪರಿವರ್ತನೆಯ ಶಾಲೆಯವರು. ಒಂದು ಬಾಡಿಯ ತಲೆ, ಇನ್ನೊಂದರ ಬಾಲ, ಮೂರನೆಯದರ ಷಾಸಿ: ಕತ್ತರಿಸಿದ ಗುರುತು ಕಾಣದಂತೆ ಜೋಡಿಸಿದವನೇ ಜಾಣ.

ಅಂಗಡಿಯ ಎಂಜಿನ್ನುಗಳ ಮೂಲದೋಷ ಅಳತೆಯಲ್ಲಿತ್ತು. ಗ್ರೇಟ್ ವೆಸ್ಟರ್ನ್ ರೈಲ್ವೆಯ ಪ್ಯಾನಿಯರ್ ಟ್ಯಾಂಕ್ ಎಂಜಿನ್ನನ್ನೇ ತೆಗೆದುಕೊಳ್ಳಿ. 5700 ವರ್ಗದಲ್ಲಿ 863 ಎಂಜಿನ್ನುಗಳನ್ನು ಕಟ್ಟಿದ್ದರು, ಆ ರೈಲ್ವೆಯ ಮೂಲೆಮೂಲೆಯಲ್ಲೂ ಅದು ಕಾಣುತ್ತಿತ್ತು. ಟ್ರೈ-ಆಂಗ್ ಹಾರ್ನ್‌ಬಿ ಅದರ ಮಾದರಿ ತಂದಾಗ ಕೆಳಗೆ ಕೂರಿಸಿದ್ದು ಅದೇ ಜಿಂಟಿ ಷಾಸಿ. ಜಿಂಟಿಯ ಮೊದಲ ಗಾಲಿಯಿಂದ ಕೊನೆಯ ಗಾಲಿಗೆ 16 ಅಡಿ 6 ಅಂಗುಲ, ಪ್ಯಾನಿಯರಿಗೆ 15 ಅಡಿ 6 ಅಂಗುಲ. ಮಾದರಿಯಲ್ಲಿ ವ್ಯತ್ಯಾಸ ಸರಿಯಾಗಿ 4 ಮಿ.ಮೀ. ಕಡಿಮೆಯೆನಿಸಬಹುದು. ಆದರೆ ಗಾಲಿ ಬೇಕಾದ ಕಡೆ ಕೂರದಿದ್ದರೆ ಗಾಲಿಮುಚ್ಚಳ, ಮೆಟ್ಟಿಲು, ಮರಳುಪೆಟ್ಟಿಗೆ ಎಲ್ಲವೂ ಜರುಗಿ ಕೂರಬೇಕು. ನೋಡುವವನಿಗೆ ಏನು ತಪ್ಪೆಂದು ಹೇಳಲಾಗದು, ಏನೋ ತಪ್ಪಿದೆ ಎಂದು ಗೊತ್ತಾಗುತ್ತದೆ.

ಇಂಥ ಎಂಜಿನ್ನಿಗೆ ಚಿಮಣಿಯ ಹಿತ್ತಾಳೆ ಉಂಗುರ, ದೀಪ, ಕಲ್ಲಿದ್ದಲು ಸಲಿಕೆ ಎಂದು ಸೇರಿಸುತ್ತ ಹೋಗುವುದು ಸೊಟ್ಟ ಸೊಂಟಕ್ಕೆ ಡಾಬು ತೊಡಿಸಿದಂತೆ. ತಿದ್ದುವವನು ಮೊದಲು ಷಾಸಿಯನ್ನು ಎಸೆಯುತ್ತಾನೆ. ಹಿತ್ತಾಳೆ ತಗಡಿನ ಎರಡು ಚೌಕಟ್ಟುಗಳನ್ನು ಸರಿಯಳತೆಗೆ ಕೊರೆದು, ರಾಮ್‌ಫರ್ಡ್ ಗಾಲಿ ಹಾಕುತ್ತಾನೆ. ಆ ಗಾಲಿಗಳ ಅಚ್ಚಿನ ತುದಿ ಚೌಕಾಕಾರ. ಎಡಬದಿಯ ಕ್ರ್ಯಾಂಕಿಗೂ ಬಲಬದಿಯ ಕ್ರ್ಯಾಂಕಿಗೂ ಇರಬೇಕಾದ 90 ಡಿಗ್ರಿ ಅಂತರ ತಾನಾಗಿಯೇ ಕೂಡಿಬರುತ್ತದೆ. ಈ ಒಂದು ಚೌಕದ ತುದಿ ಎಷ್ಟು ಜನರ ತಾಳ್ಮೆ ಉಳಿಸಿತೋ! ಆಮೇಲೆ ಬಾಡಿಯ ಸರದಿ. ಹಳೆಯ ಅಗ್ಗದ ಮಾದರಿಗಳಲ್ಲಿ ಮೋಟಾರು ಮರೆಮಾಡಲು ಬಾಯ್ಲರಿನ ಕೆಳಗೆ ಪ್ಲಾಸ್ಟಿಕ್ ಗೋಡೆ ಇಳಿಬಿಡುತ್ತಿದ್ದರು. ಅದನ್ನು ಸಣ್ಣ ಗರಗಸದಲ್ಲಿ ಕೊಯ್ದು, ಬಾಯ್ಲರಿನ ತಳಕ್ಕೆ ದುಂಡನೆಯ ಹೊಟ್ಟೆ ಕಟ್ಟಿ, ಸಣ್ಣ ಮೋಟಾರನ್ನು ಹಿಂದಕ್ಕೆ ಸರಿಸಿದರೆ ಅಲ್ಲಿ ಬೆಳಕು ತೂರುತ್ತದೆ. ಎಂಜಿನ್ನು ಅಲ್ಲಿಂದ ಆಟಿಕೆಯಂತೆ ಕಾಣುವುದಿಲ್ಲ.

ಇದಕ್ಕಿಂತ ದೊಡ್ಡ ಅಪಚಾರ 1970ರ ದಶಕದ ಟೆಂಡರ್ ಡ್ರೈವ್. ಹಾರ್ನ್‌ಬಿ ಕಂಪನಿ ಮೋಟಾರನ್ನು ಎಂಜಿನ್ನಿನಿಂದ ತೆಗೆದು, ಕಲ್ಲಿದ್ದಲು ತುಂಬುವ ಹಿಂದಿನ ಟೆಂಡರಿನೊಳಗೆ ಇಟ್ಟಿತು. ಎಳೆಯಬೇಕಾದ ಎಂಜಿನ್ನನ್ನು ಅದರ ಕಲ್ಲಿದ್ದಲ ಬಂಡಿಯೇ ತಳ್ಳುತ್ತಿತ್ತು. ಲಂಡನ್, ಮಿಡ್‌ಲ್ಯಾಂಡ್ ಅಂಡ್ ಸ್ಕಾಟಿಷ್ ರೈಲ್ವೆಯ ಹೆಸರಾಂತ ‘ಬ್ಲ್ಯಾಕ್ ಫೈವ್’ ಎಂಜಿನ್ನಿಗೂ ಈ ಗತಿ ಬಂತು. ಕಾಮೆಟ್ ಮಾಡೆಲ್ಸ್ ಮಾಡುತ್ತಿದ್ದ ಷಾಸಿ ಕಿಟ್‌ಗಳು ಈ ಅವಮಾನಕ್ಕೆ ಉತ್ತರ. ಹಾರ್ನ್‌ಬಿಯ ಬಾಡಿ ಹಾಗೇ ಉಳಿಯುತ್ತದೆ, ಕೆಳಗಿನದೆಲ್ಲ ಹೊಸತು, ಮೋಟಾರು ಬಾಯ್ಲರಿಗೆ ಮರಳುತ್ತದೆ.

ಬ್ಲ್ಯಾಕ್ ಫೈವ್ ಈ ಶಾಲೆಯ ಇನ್ನೊಂದು ಶಿಸ್ತಿಗೂ ಒಳ್ಳೆಯ ಉದಾಹರಣೆ. 1934ರಿಂದ 1951ರವರೆಗೆ ಇಂಥ 842 ಎಂಜಿನ್ನುಗಳನ್ನು ಕಟ್ಟಿದರು. ಮೊದಲ 225ರ ಬಾಯ್ಲರಿನ ಮೇಲೆ ಡೋಮ್ ಎಂಬ ಗುಮ್ಮಟ ಇರಲಿಲ್ಲ, ಅನಂತರದವುಗಳಿಗೆ ಇತ್ತು. ಕೊನೆಕೊನೆಗೆ ಕಟ್ಟಿದ ಕೆಲವಕ್ಕೆ ಕ್ಯಾಪ್ರೊಟಿ ಕವಾಟಗಳ ಬೇರೆಯೇ ಯಂತ್ರಾಂಗ. ಕಾರ್ಯಾಗಾರಕ್ಕೆ ದುರಸ್ತಿಗೆ ಹೋದಾಗ ಒಂದರ ಬಾಯ್ಲರ್ ಇನ್ನೊಂದರ ಮೇಲೆ ಕೂರುತ್ತಿತ್ತು. ಹಾಗಾಗಿ ‘ಬ್ಲ್ಯಾಕ್ ಫೈವ್ ಮಾಡುತ್ತೇನೆ’ ಎನ್ನುವ ಮಾತಿಗೆ ಅರ್ಥವಿಲ್ಲ. ಇಂಥ ನಂಬರಿನ ಎಂಜಿನ್, ಇಂಥ ವರ್ಷದಲ್ಲಿ ಹೇಗಿತ್ತೋ ಹಾಗೆ ಎಂದು ಹೇಳಬೇಕು. ಅದಕ್ಕೆ ಆ ವರ್ಷದ ಫೋಟೋ ಹುಡುಕಬೇಕು, ಫೋಟೋ ಎಡಬದಿಯದಾದರೆ ಬಲಬದಿಯದಕ್ಕೆ ಮತ್ತೆ ಹುಡುಕಾಟ. ಹವ್ಯಾಸಿಯನ್ನು ಸಂಶೋಧಕನನ್ನಾಗಿ ಮಾಡಿದ ಈ ಹಟವನ್ನು ನಾನು ಈ ಪರಂಪರೆಯ ಅತ್ಯುತ್ತಮ ಗುಣವೆಂದು ಎಣಿಸುತ್ತೇನೆ.

ನಡುವೆ ಒಂದು ತಮಾಷೆ. ನಮ್ಮ ಮಕ್ಕಳೂ ಟಿವಿಯಲ್ಲಿ ನೋಡಿರುವ ನೀಲಿ ಬಣ್ಣದ ಥಾಮಸ್ ಎಂಜಿನ್ನಿನ ಮೂಲ, ದಕ್ಷಿಣ ಇಂಗ್ಲೆಂಡಿನ ಇ2 ವರ್ಗದ ಟ್ಯಾಂಕ್ ಎಂಜಿನ್. 1913-16ರಲ್ಲಿ ಕಟ್ಟಿದ್ದು ಹತ್ತೇ ಹತ್ತು, ಒಂದೂ ಉಳಿದಿಲ್ಲ. ಹಾರ್ನ್‌ಬಿ ಇ2 ಮಾದರಿ ಮಾಡಿತ್ತು, 1980ರ ದಶಕದಲ್ಲಿ ಅದನ್ನೇ ಥಾಮಸ್ ಆಗಿ ಬದಲಿಸಿತು. ಇ2 ಬೇಕಾದ ಹವ್ಯಾಸಿಗಳು ಥಾಮಸನ್ನು ಕೊಂಡು, ಮುಖ ಕಿತ್ತು, ನೀಲಿ ಬಣ್ಣ ಕೆರೆದು, ಮರಳಿ ಇ2 ಮಾಡಿದರು. ಥಾಮಸನನ್ನು ಸೃಷ್ಟಿಸಿದ ಪಾದ್ರಿ ಆಡ್ರಿ ಅವರೇ ಮಾದರಿ ರೈಲಿನ ಹವ್ಯಾಸಿ. ಕಥೆಯ ಊರಿನ ರೈಲು ಕಟ್ಟಿ ಪ್ರದರ್ಶನಗಳಿಗೆ ಒಯ್ಯುತ್ತಿದ್ದರು.

ಈ ಪರಂಪರೆಯ ಹಿರಿಯರಲ್ಲಿ ಇಬ್ಬರು ಎರಡು ದಿಕ್ಕು. ಜಾನ್ ಅಹೆರ್ನ್ ಕಟ್ಟಿದ ‘ಮ್ಯಾಡರ್ ವ್ಯಾಲಿ’ ನಿಜದಲ್ಲಿ ಎಲ್ಲೂ ಇರದ ರೈಲು. ಸಣ್ಣ ಎಂಜಿನ್ ಕಟ್ಟುವ ಬಗ್ಗೆ ಅವರ ಪುಸ್ತಕ ಹೊರಬಂದದ್ದು 1948ರಲ್ಲಿ. ರೈಲು, ಊರು, ಬೆಟ್ಟ ಒಂದೇ ಚಿತ್ರವಾಗಿ ಕಾಣಬೇಕೆಂದು ತೋರಿಸಿಕೊಟ್ಟವರಲ್ಲಿ ಅವರು ಮೊದಲಿಗರು. ಇನ್ನೊಂದು ದಿಕ್ಕಿನಲ್ಲಿ ಆಸ್ಟ್ರೇಲಿಯದಿಂದ ಬಂದ ರಾಯ್ ಇಂಗ್ಲೆಂಡ್ 1954ರಲ್ಲಿ ಆಕ್ಸ್‌ಫರ್ಡ್‌ಷೈರಿನ ಲಾಂಗ್ ವಿಟ್ಟೆನ್‌ಹ್ಯಾಮ್ ಹಳ್ಳಿಯಲ್ಲಿ ಶುರುಮಾಡಿದ ಪೆಂಡನ್ ಮ್ಯೂಸಿಯಂ. ಅಲ್ಲಿ ನಿಜದ ಮನೆ, ನಿಜದ ತೋಟಗಳ ಮಾದರಿಗಳು, ಗೈ ವಿಲಿಯಮ್ಸ್ ಕೈಯಿಂದ ಕಟ್ಟಿದ ಎಂಜಿನ್ನುಗಳು. ಅಹೆರ್ನ್ ತೀರಿಕೊಂಡ ಮೇಲೆ ಅವರ ಮ್ಯಾಡರ್ ವ್ಯಾಲಿಯೂ ಪೆಂಡನ್ನಿಗೇ ಹೋಯಿತು; ಇಬ್ಬರೂ ಈಗ ಒಂದೇ ಸೂರಿನಡಿ. ಪೆಂಡನ್ನಿನ ನಿಖರತೆಗೆ ತಲೆಬಾಗಿದವರೇ ಹೆಚ್ಚು. ನನ್ನ ಒಲವು ಅಹೆರ್ನರ ಕಡೆ. ಒಂದೊಂದು ವಸ್ತುವಿನ ಸತ್ಯಕ್ಕಿಂತ ಅವು ಒಟ್ಟಿಗೆ ಹೊಂದುವ ಬಗೆಯನ್ನು ಅವರು ಮೊದಲು ನೋಡಿದರು.

ಎಂಜಿನ್ನಿಗೆ ಸಣ್ಣ ಸಣ್ಣ ಬಿಡಿಭಾಗ ಸೇರಿಸುತ್ತ ಹೋಗುವ ಸೂಕ್ಷ್ಮ ಅಲಂಕರಣದ ಶಾಲೆ ದಾರಿ ತಪ್ಪಿದ್ದು ಇಲ್ಲಿಯೇ. ಅದರಲ್ಲಿ ಹುರುಳಿಲ್ಲವೆನ್ನುತ್ತಿಲ್ಲ. ಹಳೆಯ ಮಾದರಿಗಳಲ್ಲಿ ಬಾಯ್ಲರಿನ ಪಕ್ಕದ ಹಿಡಿಕಂಬಿ ಪ್ಲಾಸ್ಟಿಕ್ಕಿನಲ್ಲೇ ಮೂಡಿಸಿದ ಉಬ್ಬುಗೆರೆ. ಅದನ್ನು ಚಾಕುವಿನ ಅಲಗಿನಿಂದ ಹೆರೆದು, ನುಣ್ಣನೆಯ ಎಮರಿ ಕಾಗದದಲ್ಲಿ ತೀಡಿ, ಸಣ್ಣ ತೂತು ಕೊರೆದು, ಗುಬ್ಬಿಗಳನ್ನು ಕೂರಿಸಿ, 0.45 ಮಿ.ಮೀ. ತಂತಿ ಪೋಣಿಸಿದರೆ ಬಾಯ್ಲರಿನ ಮೇಲೆ ಕೂದಲೆಳೆಯ ನೆರಳು ಬೀಳುತ್ತದೆ. ಉಬ್ಬುಗೆರೆಗೆ ಆ ನೆರಳು ಎಂದೂ ಬಾರದು. ನಿಜದ ಕಂಬಿ ಸುಮಾರು ಒಂದೂಕಾಲು ಅಂಗುಲ ದಪ್ಪ, ಲೆಕ್ಕ ಹಾಕಿದರೆ ತಂತಿಯೂ ಹತ್ತಿರ ಹತ್ತಿರ ಅಷ್ಟೇ. ಇಲ್ಲಿ ಅಲಂಕರಣ ಬರೀ ಸೇರ್ಪಡೆಯಾಗದೆ ಆಕಾರಕ್ಕೆ ಜೀವ ಕೊಡುತ್ತದೆ. ಆದರೆ ರಿವೆಟ್ಟಿನ ಕಥೆ ಬೇರೆ. ಒಂದಂಗುಲದ ರಿವೆಟ್ ತಲೆ ಈ ಅಳತೆಯಲ್ಲಿ ಮೂರನೇ ಒಂದು ಮಿ.ಮೀ. ಒಂದು ಮಾರು ದೂರದಿಂದ ಅದು ಕಾಣುವುದೇ ಕಷ್ಟ, ಕಾಣಿಸಲೇಬೇಕೆಂದು ದೊಡ್ಡದು ಮಾಡಿದರೆ ಎಂಜಿನ್ನಿಗೆ ಸಿಡುಬು ಬಂದಂತಿರುತ್ತದೆ. ರಿವೆಟ್ ಎಣಿಸಿ ಅಂಕ ಕೊಡುವವರು ಬಾಯ್ಲರಿನ ಎತ್ತರ ಅಳೆಯಲು ಮರೆತದ್ದನ್ನು ಪ್ರಶಸ್ತಿ ಗೆದ್ದ ಮಾದರಿಗಳಲ್ಲೂ ಕಾಣಬಹುದು.

ಬಣ್ಣದ ವಿಷಯದಲ್ಲೂ ಇದೇ ಪಾಡು. ಏರ್‌ಬ್ರಷ್ ಬಂದ ಮೇಲೆ ಎಲ್ಲ ಎಂಜಿನ್ನಿನ ಮೇಲೂ ಒಂದೇ ಹದದ ಕಂದು ಧೂಳು. ಕೊಳೆ ನಿಜದಲ್ಲಿ ಹಾಗೆ ಕೂರುವುದಿಲ್ಲ. ಮೆಟ್ಟಿಲ ಅಂಚು ಬೂಟಿನಿಂದ ಹೊಳೆಯುತ್ತದೆ, ನೀರು ತುಂಬುವ ಬಾಯಿಯ ಕೆಳಗೆ ಸುಣ್ಣದ ಬಿಳಿ ಗೆರೆ ಇಳಿಯುತ್ತದೆ, ಸ್ಮೋಕ್‌ಬಾಕ್ಸ್ ಬಾಗಿಲಿನ ಕೆಳಗೆ ಬೂದಿ ನಿಲ್ಲುತ್ತದೆ.

ಇನ್ನೊಂದು ದೌರ್ಬಲ್ಯ ವಿಷಯದ ಬಡತನ. 1930ರ ದಶಕದ ಹಳ್ಳಿ, ಗ್ರೇಟ್ ವೆಸ್ಟರ್ನಿನ ಕೊನೆಯ ನಿಲ್ದಾಣ, ಒಂದು ಪ್ಯಾನಿಯರ್ ಟ್ಯಾಂಕ್, ಎರಡು ಬೋಗಿ. ಸ್ಥಳ ಕಡಿಮೆ ಇರುವವರಿಗೆ ಇದು ಅನುಕೂಲ, ಒಪ್ಪೋಣ. ಆದರೆ ಗಣಿ, ಕಾರ್ಖಾನೆ, ಕೊಳಕು ನಗರ, ದುಡಿಯುವ ಜನ ಕಾಣುವುದು ಅಪರೂಪ. ಹಬೆಯ ಎಂಜಿನ್ನು ಮುಖ್ಯವಾಗಿ ಕಲ್ಲಿದ್ದಲು ಹೊರುತ್ತಿತ್ತು ಎಂಬುದನ್ನು ಈ ಶಾಲೆ ಬೇಕೆಂದೇ ಮರೆತಂತಿದೆ.

1990ರ ದಶಕದಿಂದ ಹಾರ್ನ್‌ಬಿ ತಯಾರಿಕೆ ಚೀನಾಕ್ಕೆ ಹೋಯಿತು, ಬ್ಯಾಕ್‌ಮನ್ ಎಂಬ ಇನ್ನೊಂದು ಕಂಪನಿಯ ಮಾದರಿಗಳೂ ಅಲ್ಲಿಯವೇ. ಬಿಡಿ ಹಿಡಿಕಂಬಿ, ಸ್ಪ್ರಿಂಗ್ ಬಫರ್, ಬಾಯ್ಲರಿನ ಕೆಳಗೆ ಬೆಳಕು, ಈಗ ಶಬ್ದವೂ ಪೆಟ್ಟಿಗೆಯೊಳಗೇ ಬರುತ್ತದೆ. ಹಿಂದೆ ಚಳಿಗಾಲವಿಡೀ ಕೂತು ಮಾಡಿದ್ದನ್ನು ಈಗ ಹಣ ಕೊಟ್ಟು ತರಬಹುದು. ಅಲಂಕರಣದ ಶಾಲೆಗೆ ಕೆಲಸವೇ ಉಳಿಯಲಿಲ್ಲ. ಬರೀ ನಂಬರ್ ಬದಲಿಸಿ, ಕೊಳೆ ಬಳಿದು ‘ನನ್ನದು’ ಎನ್ನುವ ಮಟ್ಟಕ್ಕೆ ಅದು ಇಳಿಯಿತು. ಡೋಮಿಲ್ಲದ ಬಾಯ್ಲರಿನ ಎಂಜಿನ್ನಿನ ನಂಬರನ್ನು ಡೋಮಿರುವ ಮಾದರಿಗೆ ಅಂಟಿಸಿ ನಿಶ್ಚಿಂತೆಯಿಂದ ಇರುವವರನ್ನು ಕಂಡರೆ ಹಳೆಯ ಶಾಲೆಯವರು ಎದ್ದು ಹೋಗುತ್ತಾರೆ. ಪರಿವರ್ತನೆಯ ಶಾಲೆ ಬದುಕಿರುವುದು ಯಾವ ಕಂಪನಿಯೂ ಮಾಡದ ಎಂಜಿನ್ನುಗಳಲ್ಲಿ ಮಾತ್ರ.

ಅಂಥ ಎಂಜಿನ್ನುಗಳು ನಮ್ಮ ದೇಶದಲ್ಲಿ ಬೇಕಾದಷ್ಟಿವೆ. 1853ರಲ್ಲಿ ಮುಂಬಯಿಯಿಂದ ಠಾಣೆಗೆ ಓಡಿದ ರೈಲಿನ ಎಂಜಿನ್ನುಗಳು ಬಂದದ್ದು ಇಂಗ್ಲೆಂಡಿನ ವಲ್ಕನ್ ಫೌಂಡ್ರಿಯಿಂದ, ಮುಂದೆ ಬ್ಲ್ಯಾಕ್ ಫೈವ್‌ಗಳಲ್ಲಿ ಹಲವನ್ನು ಕಟ್ಟಿದ್ದೂ ಅದೇ ಕಾರ್ಖಾನೆ. ನಮ್ಮ ಬ್ರಾಡ್‌ಗೇಜಿನ 5 ಅಡಿ 6 ಅಂಗುಲ 4 ಮಿ.ಮೀ. ಅಳತೆಯಲ್ಲಿ 22 ಮಿ.ಮೀ. ಆಗುತ್ತದೆ, 16.5ರ ಹಳಿಗೆ ಅದನ್ನು ಹೊಂದಿಸುವ ಮಾತೇ ಬೇಡ. ಮೀಟರ್‌ಗೇಜಿನ ಲೆಕ್ಕ ಚೆನ್ನಾಗಿದೆ. 1:87ರ ಎಚ್‌ಒ ಅಳತೆಯಲ್ಲಿ ಮೀಟರ್‌ಗೇಜ್ 11.5 ಮಿ.ಮೀ.; ಸ್ವಿಟ್ಜರ್ಲೆಂಡಿನ ಮೀಟರ್‌ಗೇಜ್ ರೈಲುಗಳಿಗಾಗಿ 12 ಮಿ.ಮೀ. ಹಳಿ ಅಂಗಡಿಯಲ್ಲೇ ಸಿಗುತ್ತದೆ. ತಪ್ಪು ಅರ್ಧ ಮಿ.ಮೀ. ಅಷ್ಟೇ, ಬ್ರಿಟಿಷರ 2.33ರ ಕಾಲು ಭಾಗಕ್ಕೂ ಕಡಿಮೆ. ಮೈಸೂರಿನಲ್ಲಿ 1979ರಲ್ಲಿ ಆರಂಭವಾದ ರೈಲು ವಸ್ತುಸಂಗ್ರಹಾಲಯದಲ್ಲಿ ಮೀಟರ್‌ಗೇಜಿನ ಹಬೆ ಎಂಜಿನ್ನುಗಳು ಬಯಲಲ್ಲೇ ನಿಂತಿವೆ. ಆಸಕ್ತರು ಅಳತೆಪಟ್ಟಿ, ಕ್ಯಾಮೆರಾ ಹಿಡಿದು ಹೋಗಲಿ. ಎರಡೂ ಬದಿಯ ಫೋಟೋ ತೆಗೆಯಲಿ, ಗಾಲಿಯಿಂದ ಗಾಲಿಗೆ ಎಷ್ಟು, ನೆಲದಿಂದ ಬಾಯ್ಲರಿನ ನಡುಮಧ್ಯಕ್ಕೆ ಎಷ್ಟು ಎಂದು ಬರೆದುಕೊಳ್ಳಲಿ. ರಿವೆಟ್ ಎಣಿಸುವುದನ್ನು ಎರಡನೆಯ ಸಲಕ್ಕೆ ಇಟ್ಟುಕೊಳ್ಳಬಹುದು.