ತಂತ್ರಾಂಶ ಕೊಳ್ಳುವ ಮುನ್ನ ಕೆರೆ ಏರಿ ಹತ್ತಿ ನೋಡಿ

ಹಾಸನದ ಕೈಗಾರಿಕಾ ಪ್ರದೇಶದ ಕಂಪನಿಯೇ ಇರಲಿ, ಬೆಂಗಳೂರಿನದೇ ಇರಲಿ, ಪ್ರಾಜೆಕ್ಟ್ ನಿರ್ವಹಣೆಯ ತಂತ್ರಾಂಶ ಕೊಳ್ಳುವ ಪರಿ ಹೆಚ್ಚುಕಡಿಮೆ ಒಂದೇ. ಮಾರುವವರು ಬಂದು ಪರದೆಯ ಮೇಲೆ ಹಸಿರು, ಕೆಂಪು ಪಟ್ಟಿಗಳನ್ನು ಓಡಿಸುತ್ತಾರೆ, ಮೇಲಿನವರು ತಲೆದೂಗುತ್ತಾರೆ, ಸಹಿ ಬೀಳುತ್ತದೆ. ದಿನಾ ಅದರೊಳಗೆ ಮಾಹಿತಿ ತುಂಬಬೇಕಾದ ಸೂಪರ್‌ವೈಸರ್ ಆ ಕೋಣೆಯಲ್ಲಿ ಇರುವುದೇ ಇಲ್ಲ. ಪ್ರೈಮವೆರಾ ಆಗಲಿ ಜೀರಾ ಆಗಲಿ, ಯಾವ ವರದಿ ಸಿಗುತ್ತದೆ ಎಂಬುದರ ಸುತ್ತಲೇ ಮಾತು. ಈ ಪದ್ಧತಿ ಎಲ್ಲಿಗೆ ಮುಟ್ಟುತ್ತದೆ ಎಂದು ತಿಳಿಯಲು ಕಂಪನಿಗಳ ಕಡತ ಕೆದಕಬೇಕಿಲ್ಲ. ಹಾಸನದ ದುದ್ದ ಹೋಬಳಿಯಂಥ ಕಡೆ ಉದ್ಯೋಗ ಖಾತ್ರಿಯ ನರೇಗಾದಲ್ಲಿ ಕೆರೆ ಹೂಳೆತ್ತಿದವರನ್ನು ಕೇಳಿದರೆ ಸಾಕು.

ಆ ಕೆಲಸ ಮಾಡಿಸುವ ಗ್ರಾಮ ಪಂಚಾಯಿತಿಯೂ ಒಂದು ಸಂಸ್ಥೆಯೇ ತಾನೆ. ಅಲ್ಲೂ ಕ್ರಿಯಾ ಯೋಜನೆ, ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಎನ್‌ಎಂಆರ್ ಎಂಬ ಹಾಜರಿ ಪಟ್ಟಿ, ಅಳತೆ ಪುಸ್ತಕ, ಪಾವತಿ ಎಲ್ಲ ಇವೆ. ಈ ಸರಪಳಿಯ ಹಾಜರಾತಿಯ ಕೊಂಡಿಗಾಗಿ ಕೇಂದ್ರ ಸರ್ಕಾರ 2021ರ ಮೇ 21ರಂದು ಎನ್‌ಎಂಎಂಎಸ್ ಎಂಬ ಮೊಬೈಲ್ ಆ್ಯಪ್ ತಂದಿತು. 2023ರ ಜನವರಿ 1ರಿಂದ ವೈಯಕ್ತಿಕ ಕಾಮಗಾರಿಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಅದು ಕಡ್ಡಾಯವಾಯಿತು. ದಿನಕ್ಕೆ ಎರಡು ಸಲ, ಜಾಗದ ಗುರುತು ಮತ್ತು ಸಮಯ ಸಮೇತ, ಕೂಲಿಕಾರರ ಫೋಟೋ ಏರಿಸಬೇಕು. ಉದ್ದೇಶ ಒಳ್ಳೆಯದೇ. ಬೋಗಸ್ ಹೆಸರು ಬರೆದು ದುಡ್ಡು ಎತ್ತುತ್ತಿದ್ದುದು ಯಾರಿಗೆ ಗೊತ್ತಿಲ್ಲ?

ಆದರೆ ನರೇಗಾದಲ್ಲಿ ಕೂಲಿ ಲೆಕ್ಕವಾಗುವುದು ಅಳತೆಗೆ. ಗುಂಪು ಎಷ್ಟು ಘನ ಮೀಟರ್ ಮಣ್ಣು ತೆಗೆಯಿತು ಎಂದು ಎಂಜಿನಿಯರ್ ಟೇಪು ಹಿಡಿದು ಅಳತೆ ಪುಸ್ತಕದಲ್ಲಿ ಬರೆಯುತ್ತಾರೆ. ಆ್ಯಪ್ ನೋಡುವುದು ಮಾತ್ರ ಯಾರು ಎಷ್ಟು ಹೊತ್ತು ನಿಂತಿದ್ದರು ಎಂಬುದನ್ನು. ಬಿಸಿಲೇರುವ ಮೊದಲೇ ಗುಂಡಿ ಮುಗಿಸಿದ ಹೆಂಗಸು ಮನೆಗೆ ಹೋಗಿ ದನಕ್ಕೆ ಹುಲ್ಲು ಹಾಕಿ, ಸಂಜೆ ಡೈರಿಗೆ ಹಾಲು ಹಾಕುವವಳು. ಅವಳೀಗ ಎರಡನೇ ಫೋಟೋಗಾಗಿ ಏರಿ ಮೇಲೆ ಕಾದು ಕೂರಬೇಕು. ಕೂಲಿಕಾರರ ಗುಂಪಿನ ಮೇಟಿಯಾದ ಕಾಯಕ ಬಂಧು ತನ್ನದೇ ಮೊಬೈಲ್ ಹಿಡಿದು ಸಿಗ್ನಲ್ ಹುಡುಕಬೇಕು. ಫೋಟೋ ಏರದಿದ್ದರೆ ಆ ದಿನದ ಕೂಲಿಗೇ ಕುತ್ತು. ಕೆಲಸ ಒಂದು, ಅಳೆಯುವುದು ಮತ್ತೊಂದು. ನನ್ನ ಮಟ್ಟಿಗೆ ಆ್ಯಪ್‌ನ ಮೂಲ ದೋಷ ಇದು, ನೆಟ್‌ವರ್ಕ್ ಅಲ್ಲ. ಕೋಡ್ ಬರೆಯುವವರಿಂದ ಗಂಟೆಗಂಟೆಯ ಟೈಮ್‌ಶೀಟ್ ಕೇಳುವ ಕಂಪನಿಗಳದ್ದೂ ಇದೇ ಕಾಯಿಲೆ.

ಇನ್ನು ಕಳ್ಳತನ ತಡೆಯಿತೇ? 2025ರ ಜುಲೈ 8ರ ಸುತ್ತೋಲೆಯಲ್ಲಿ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ದುರುಪಯೋಗದ ಏಳು ಬಗೆಗಳನ್ನು ಪಟ್ಟಿ ಮಾಡಿತು: ಸಂಬಂಧವಿಲ್ಲದ ಫೋಟೋ, ಫೋಟೋದ ಫೋಟೋ, ಒಬ್ಬರದೇ ಮುಖ ಹಲವು ಎನ್‌ಎಂಆರ್‌ಗಳಲ್ಲಿ, ಹೀಗೆ. ಪರಿಹಾರವೇನೆಂದರೆ, ಪಂಚಾಯಿತಿ ಮಟ್ಟದಲ್ಲಿ ಎಲ್ಲ ಫೋಟೋಗಳನ್ನೂ ಸಿಬ್ಬಂದಿ ಕಣ್ಣಾರೆ ಪರಿಶೀಲಿಸಬೇಕು! ಯಂತ್ರಕ್ಕೆ ಒಪ್ಪಿಸಿದ ಕೆಲಸ ತಿರುಗಿ ಮನುಷ್ಯನ ತಲೆಗೇ ಬಂತು.

ಸರ್ಕಾರಿ ತಂತ್ರಾಂಶವೆಂದರೆ ಹೀಗೇ ಎಂದು ಕೈಚೆಲ್ಲುವವರಿಗೆ ‘ಭೂಮಿ’ಯನ್ನು ನೆನಪಿಸಬೇಕು. ಎರಡು ದಶಕಗಳ ಹಿಂದೆ ರಾಜ್ಯದ ಆಗಿನ 177 ತಾಲ್ಲೂಕುಗಳಲ್ಲೂ ಕೈಬರಹದ ಪಹಣಿ ಕಂಪ್ಯೂಟರಿಗೆ ಏರಿತು. ರೈತ 15 ರೂಪಾಯಿ ಕೊಟ್ಟು ಕೌಂಟರಿನಲ್ಲೇ ಪಹಣಿ ಪಡೆದ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವಂತೆ ತಂತ್ರಾಂಶವೇ ಕಟ್ಟುಹಾಕಿತು. ಅದರಿಂದ ಲಂಚ ನಿಂತೇಹೋಯಿತು ಎಂದರೆ ತಾಲ್ಲೂಕು ಕಚೇರಿಗೆ ಅಲೆದವರು ನಕ್ಕಾರು. ಆದರೂ ಅದು ನೆಲೆ ನಿಂತಿತು, ಕಾರಣ ಮಾಹಿತಿಯ ಫಲ ಅದರ ಒಡೆಯನ ಕೈಗೇ ಹಾಳೆಯಾಗಿ ಬಂತು. ಎನ್‌ಎಂಎಂಎಸ್‌ನಲ್ಲಿ ಕಾಯಕ ಬಂಧುವಿಗೆ ದುಡಿಮೆ, ದೆಹಲಿಗೆ ಅಂಕಿಅಂಶ.

ತಂತ್ರಾಂಶ ಆರಿಸಲು ಹೊರಟಿರುವವರಿಗೆ ನನ್ನ ಸಲಹೆ ಇಷ್ಟೆ. ಡೆಮೊ ದಿನ ಎಂ.ಡಿ.ಯನ್ನು ಹೊರಗೆ ಕೂರಿಸಿ, ಸೈಟ್ ಸೂಪರ್‌ವೈಸರ್ ಕೈಗೆ ಮೊಬೈಲ್ ಕೊಡಿ. ಒಂದು ತಿಂಗಳು ಒಂದೇ ಕಾಮಗಾರಿಯ ಮೇಲೆ ಓಡಿಸಿ. ಕೊನೆಯಲ್ಲಿ ಆತನ ಕೆಲಸ ಒಂದಿಷ್ಟಾದರೂ ಹಗುರವಾಗದಿದ್ದರೆ, ವರದಿ ಎಷ್ಟೇ ಅಂದವಾಗಿದ್ದರೂ ಸಹಿ ಹಾಕಬೇಡಿ.