ಸೆಕ್ಷನ್ ಮ್ಯಾಚು

ಬೆಂಗಳೂರಿನ ಜಯನಗರದ ಹೈಸ್ಕೂಲು ದಿನಗಳಲ್ಲಿ ನಮ್ಮ ಪಾಲಿನ ದೊಡ್ಡ ಪಂದ್ಯವೆಂದರೆ ಒಂಬತ್ತನೇ ಕ್ಲಾಸಿನ ‘ಎ’ ಸೆಕ್ಷನ್ನಿಗೂ ‘ಬಿ’ ಸೆಕ್ಷನ್ನಿಗೂ ನಡೆದ ಫುಟ್‌ಬಾಲ್. ಹುಲ್ಲಿಲ್ಲದ ಕೆಂಪು ಮಣ್ಣಿನ ಮೈದಾನ, ಗೋಲ್ ಕಂಬಗಳ ಜಾಗದಲ್ಲಿ ಸ್ಕೂಲ್ ಬ್ಯಾಗುಗಳು. ತಂಡಕ್ಕೆ ಹನ್ನೊಂದು ಜನ ಎನ್ನುತ್ತದೆ ನಿಯಮ; ನಮ್ಮಲ್ಲಿ ಬಂದವರೆಲ್ಲ ಆಡಿದರು. ಚೆಂಡಿಗಾಗಿ ಭುಜಕ್ಕೆ ಭುಜ ಕೊಡುವುದು ಆಟದಲ್ಲಿ ಸಲ್ಲುತ್ತದೆ. ಅಂಗಿ ಹಿಡಿದೆಳೆಯುವುದು, ಕಾಲು ಕೊಟ್ಟು ಬೀಳಿಸುವುದು ಸಲ್ಲದು, ಆದರೂ ಅವತ್ತು ಅವೆಲ್ಲ ನಡೆದವು. ಮೊಣಕಾಲು ತರಚಿದವು, ಅಂಗಿಯ ಗುಂಡಿಗಳು ಕಿತ್ತುಬಂದವು, ಒಬ್ಬನ ತುಟಿ ಒಡೆಯಿತು. ಅಷ್ಟು ಕಾವಿನಲ್ಲೂ ಪಿಟಿ ಮೇಷ್ಟ್ರು ಸೀಟಿ ಊದಿದೊಡನೆ ಎಲ್ಲರೂ ನಿಂತರು. ಆಟದಲ್ಲಿ ನನಗೆ ಅತಿ ಇಷ್ಟವಾದದ್ದು ಅದೇ: ರೋಷ ಇಳಿಯದಿದ್ದರೂ ಕಾಲು ನಿಲ್ಲುವುದು.

ಬೆಂಗಳೂರಿನ ಫುಟ್‌ಬಾಲ್ ಎಂದೊಡನೆ ಹಲಸೂರು, ಆಸ್ಟಿನ್ ಟೌನ್ ಎನ್ನುತ್ತಾರೆ, ನಮ್ಮ ಜಯನಗರ ಎನ್ನುವುದಿಲ್ಲ. ಆಟದಲ್ಲಿ ಊರಿಗೆ ಬಂದ ಹೆಸರು ದುಡಿದು ಗಳಿಸಿದ್ದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಆ ತಂಡದ ಬಹುತೇಕರು ಬರಿಗಾಲಲ್ಲೇ ಆಡಿದ್ದರು. 2023ರಲ್ಲಿ ಕರ್ನಾಟಕ 54 ವರ್ಷಗಳ ಬಳಿಕ ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಿತು.

ಇಂಥ ಆಟದ ಊರಿನಲ್ಲಿ ಗಾಯದ ಹೆದರಿಕೆಗೆ ಶಾಲೆಗಳು ಸೆಕ್ಷನ್ ಮ್ಯಾಚು ನಿಲ್ಲಿಸಬಾರದು. ಗಟ್ಟಿಯಾಗಿ ಸೀಟಿ ಊದುವ ಒಬ್ಬ ಮೇಷ್ಟ್ರನ್ನು ಕೊಟ್ಟು ಮಕ್ಕಳನ್ನು ಆಡಿಸಿ.